ಮಾರ್ಪಡಿಸಿದ ಹಳೆಯ ಬಸ್ಸಿಗೆ ಯಾವ ಡೀಸೆಲ್ ಎಂಜಿನ್ ಹೊಂದುತ್ತದೆ?

ಪ್ರಯಾಣಿಕರ ಸೇವೆಯಿಂದ ಹೊರಬಂದ ಬಸ್ಸು ಬೇರೊಂದು ಕೆಲಸಕ್ಕೆ ಬರುವುದು ನಮ್ಮಲ್ಲಿ ಹೊಸದೇನಲ್ಲ. ಸೀಟುಗಳನ್ನು ತೆಗೆಸಿ ಸಂಚಾರಿ ದಂತ ಚಿಕಿತ್ಸಾಲಯ, ಪುಸ್ತಕ ಭಂಡಾರ, ನಾಟಕ ತಂಡದ ವಾಹನ ಅಥವಾ ಮಲಗುವ ಮಂಚ ಹಾಗೂ ಅಡುಗೆ ಕಟ್ಟೆಯಿರುವ ಪ್ರವಾಸಿ ವಾಹನವನ್ನಾಗಿ ಮಾಡಿಕೊಂಡವರಿದ್ದಾರೆ. 2020ರಲ್ಲಿ ಕೊರೋನಾ ಹರಡಿದಾಗ ಕೆಎಸ್‌ಆರ್‌ಟಿಸಿ ತಾನೇ ಹಳೆಯ ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳನ್ನಾಗಿ ಮಾರ್ಪಡಿಸಿತ್ತು. ಇಂಥ ವಾಹನಗಳಲ್ಲಿ ಒಳಗಿನ ಮರಗೆಲಸ, ವೈರಿಂಗ್, ನೀರಿನ ಟ್ಯಾಂಕುಗಳಿಗೆ ಸಾಕಷ್ಟು ಹಣ ಹೋಗಿರುತ್ತದೆ. ಆದರೆ ಕೆಳಗಿರುವ ಎಂಜಿನ್ ಮಾತ್ರ ಹಳೆಯದೇ ಆಗಿರುತ್ತದೆ. ಅದು ಕೈಕೊಟ್ಟ ದಿನ ಮಾಲೀಕರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಎಚ್‌ಪಿ ಎಂಜಿನ್ ಕೂರಿಸಬಹುದು?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಆ ಬಸ್ಸಿನ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ರೇಡಿಯೇಟರ್, ಬ್ರೇಕ್ ವ್ಯವಸ್ಥೆ ಮತ್ತು ನೋಂದಣಿ ಪತ್ರ ಯಾವ ಎಂಜಿನ್ನನ್ನು ಒಪ್ಪುತ್ತವೆ ಎಂಬುದನ್ನು ಮೊದಲು ತಿಳಿದುಕೊಂಡರೆ, ಎಚ್‌ಪಿಯ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಅದಕ್ಕೂ ಮುಂಚೆ, ಎಂಜಿನ್ ಬದಲಿಸುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊಗೆ ಹೆಚ್ಚಾಯಿತು, ಎಳೆತ ಕಡಿಮೆಯಾಯಿತು ಎಂದ ಮಾತ್ರಕ್ಕೆ ಎಂಜಿನ್ ಸತ್ತಿದೆ ಎಂದು ಅರ್ಥವಲ್ಲ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಮತ್ತು ಡೀಸೆಲ್ ಪಂಪಿನ ಕಡೆ ನೋಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಉರಿಯದ ಡೀಸೆಲ್ ಅಥವಾ ಸಿಲಿಂಡರಿಗೆ ಇಳಿಯುತ್ತಿರುವ ನೀರನ್ನು ಅನುಮಾನಿಸಬೇಕು. ಎಲ್ಲಕ್ಕಿಂತ ಸರಳವಾದ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ನಿಧಾನವಾಗಿ ಓಡುವಂತೆ ಬಿಟ್ಟು, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಅದನ್ನು ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಬೇಕು. ಮುಚ್ಚಳ ಅಲ್ಲೇ ಸಣ್ಣಗೆ ಅದುರುತ್ತಿದ್ದರೆ ಚಿಂತೆಯಿಲ್ಲ. ಅದು ಹಾರಿ ಬಿದ್ದು, ಬಾಯಿಯಿಂದ ಬುಸುಬುಸು ಎಂದು ಬಿಸಿ ಹೊಗೆ ಬರುತ್ತಿದ್ದರೆ, ಪಿಸ್ಟನ್ ರಿಂಗುಗಳನ್ನು ದಾಟಿ ದಹನದ ಅನಿಲ ಕೆಳಗಿನ ಆಯಿಲ್ ತೊಟ್ಟಿಯಾದ ಸಂಪ್‌ಗೆ ಇಳಿಯುತ್ತಿದೆ ಎಂದು ತಿಳಿಯಬೇಕು. ಆಮೇಲೆ ಮೆಕ್ಯಾನಿಕ್ ಕೈಯಲ್ಲಿ ಪ್ರತಿ ಸಿಲಿಂಡರಿನ ಕಂಪ್ರೆಶನ್, ಅಂದರೆ ಗಾಳಿ ಅದುಮಿದಾಗಿನ ಒತ್ತಡ ಅಳೆಸಬೇಕು. ಎಲ್ಲ ಸಿಲಿಂಡರುಗಳಲ್ಲೂ ಒಂದೇ ಸಮನಾಗಿ ಇಳಿದಿದ್ದರೆ ಅದು ವಯಸ್ಸಿನ ಸವಕಳಿ. ಒಂದೇ ಸಿಲಿಂಡರಿನಲ್ಲಿ ಉಳಿದವುಗಳಿಗಿಂತ ಹತ್ತನೇ ಒಂದು ಪಾಲಿಗೂ ಮೀರಿ ಇಳಿದಿದ್ದರೆ ಅಲ್ಲಿ ನಿರ್ದಿಷ್ಟವಾದ ದೋಷವೊಂದು ಇದೆ, ಅದನ್ನು ಹುಡುಕಿ ಸರಿಪಡಿಸಬಹುದು.

ನಮ್ಮ ಹಳೆಯ ಬಸ್ ಎಂಜಿನ್‌ಗಳನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಲೆಂದೇ ರೂಪಿಸಲಾಗಿತ್ತು ಎಂಬುದನ್ನು ಮರೆಯಬಾರದು. ಸಿಲಿಂಡರಿನ ಒಳಗೋಡೆಯಾದ ಲೈನರ್ ಸವೆದರೆ ಅದನ್ನು ಹೊರತೆಗೆದು ಹೊಸ ಲೈನರ್, ಪಿಸ್ಟನ್, ರಿಂಗುಗಳ ಕಿಟ್ ಹಾಕಬಹುದು. ಪಿಸ್ಟನ್‌ಗಳ ಚಲನೆಯನ್ನು ತಿರುಗುವಿಕೆಯಾಗಿ ಮಾಡುವ ಕ್ರ್ಯಾಂಕ್ ಶಾಫ್ಟ್ ಸವೆದರೆ 0.25 ಮಿಲಿಮೀಟರ್ ಅಂತರದ ಹಂತಗಳಲ್ಲಿ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಕೂರಿಸಬಹುದು. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಂಥ ಕಡೆ ಯಂತ್ರಗೆಲಸ ಬಲ್ಲವರು ಇರುವಾಗ, ಎಂಜಿನ್ನಿನ ಮುಖ್ಯ ಎರಕವಾದ ಬ್ಲಾಕ್ ಬಿರುಕು ಬಿಡದೆ, ಕ್ರ್ಯಾಂಕ್ ಶಾಫ್ಟ್ ಕೊನೆಯ ಹಂತದ ಗ್ರೈಂಡಿಂಗ್ ದಾಟದೆ ಇದ್ದರೆ, ಇರುವ ಎಂಜಿನ್ನನ್ನೇ ಪೂರ್ತಿಯಾಗಿ ಕಟ್ಟಿಸುವುದು ಬೇರೆ ಎಂಜಿನ್ ಹುಡುಕುವುದಕ್ಕಿಂತ ಸಾಮಾನ್ಯವಾಗಿ ಒಳ್ಳೆಯದು. ಆ ಎಂಜಿನ್ ಬಸ್ಸಿನ ತಳದ ಚೌಕಟ್ಟಾದ ಚಾಸಿಗೆ ಹೊಂದುತ್ತದೆಯೇ ಎಂಬ ಅನುಮಾನವೇ ಅಲ್ಲಿ ಇರುವುದಿಲ್ಲ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಬ್ಲಾಕಿನ ಹಿಂದಿನ ದುರಸ್ತಿಗಳು ಮಿತಿ ಮುಟ್ಟಿದ್ದರೆ ಅಥವಾ ಬಿಡಿಭಾಗಗಳೇ ಸಿಗದ ಎಂಜಿನ್ ಆಗಿದ್ದರೆ ಮಾತ್ರ ಬದಲಾವಣೆಯ ಮಾತಿಗೆ ಬರಬೇಕು.

ಬದಲಿಸುವುದೆಂದು ತೀರ್ಮಾನವಾದರೆ, ಬಸ್ಸಿನ ಹೆಸರಿನಲ್ಲೇ ಅಡಗಿರುವ ಮಾಹಿತಿಯನ್ನು ಓದಲು ಕಲಿಯುವುದು ಉಪಯುಕ್ತ. 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆನ್ಜ್ ಸಹಯೋಗದಲ್ಲಿ ಲಾರಿ ಬಸ್ಸುಗಳನ್ನು ತಯಾರಿಸಿದ ಟಾಟಾ ಸಂಸ್ಥೆ, ಹೆಸರಿಡುವ ಅವರ ಕ್ರಮವನ್ನೂ ಉಳಿಸಿಕೊಂಡಿತು. 1512 ಎಂದರೆ ಒಟ್ಟು ತೂಕ ಸುಮಾರು 15 ಟನ್, ಶಕ್ತಿ ಸುಮಾರು 120 ಎಚ್‌ಪಿ. 1613 ಎಂದರೆ 16 ಟನ್, 130 ಎಚ್‌ಪಿ. ಎಂಜಿನ್ನಿನ ಹೆಸರೂ ಹೀಗೆಯೇ. 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ). 128 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಸೇರಿಸಿ ಲೆಕ್ಕ ಹಾಕಿದರೆ ಸುಮಾರು 5.7 ಲೀಟರ್. ಅದೇ ಕುಟುಂಬದ ನಾಲ್ಕು ಸಿಲಿಂಡರಿನ 497 ಸುಮಾರು 3.8 ಲೀಟರಿನದು. ಮುಂದೆ 1993ರಲ್ಲಿ ಆರಂಭವಾದ ಟಾಟಾ ಕಮಿನ್ಸ್ ಜಂಟಿ ಸಂಸ್ಥೆ ಜೆಮ್‌ಶೆಡ್‌ಪುರದಲ್ಲಿ ತಯಾರಿಸಿದ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಇದೇ ವರ್ಗದ ಲಾರಿ ಬಸ್ಸುಗಳಿಗೆ ಬಂತು. ಅಶೋಕ್ ಲೇಲ್ಯಾಂಡ್ ಬಸ್ಸುಗಳಲ್ಲಿ ಹಳೆಯ ಲೇಲ್ಯಾಂಡ್ ಮೂಲದ ಎಂಜಿನ್‌ಗಳ ಜೊತೆಗೆ, ಜಪಾನಿನ ಹಿನೋ ಪರವಾನಗಿಯಿಂದ ತಯಾರಾದ ನಾಲ್ಕು ಮತ್ತು ಆರು ಸಿಲಿಂಡರಿನ ಎಂಜಿನ್‌ಗಳೂ ಸಿಗುತ್ತವೆ. ಬದಲಿ ಎಂಜಿನ್ನನ್ನು ಮೊದಲು ಅದೇ ಕುಟುಂಬದಲ್ಲಿ, ಅಲ್ಲಿ ಸಿಗದಿದ್ದರೆ ಅದೇ ತಯಾರಕರು ಅದೇ ವರ್ಗದ ಚಾಸಿಗೆ ಕಾರ್ಖಾನೆಯಲ್ಲೇ ಕೂರಿಸಿದ್ದ ಬೇರೆ ಎಂಜಿನ್‌ಗಳಲ್ಲಿ ಹುಡುಕಬೇಕು. ಮೌಂಟಿಂಗ್, ಪೈಪು, ಬ್ರ್ಯಾಕೆಟ್‌ಗಳೆಲ್ಲ ಕಂಪನಿಯ ಬಿಡಿಭಾಗಗಳಾಗಿಯೇ ಸಿಗುವ ಸಾಧ್ಯತೆ ಆಗ ಹೆಚ್ಚು.

ಈಗ ಶಕ್ತಿಯ ಲೆಕ್ಕ. ಮಾರ್ಪಡಿಸಿದ ಬಸ್ಸು ಜನ ತುಂಬಿದ ರೂಟ್ ಬಸ್ಸಿನಷ್ಟು ಭಾರ ಹೊರುವುದು ಅಪರೂಪ. ಪ್ಲೈವುಡ್, ನೀರು, ಬ್ಯಾಟರಿ ಎಲ್ಲ ಸೇರಿ 10 ಟನ್ ತೂಗುವ ವಾಹನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದರ ಟೈರುಗಳ ಉರುಳು ಪ್ರತಿರೋಧ ಸುಮಾರು 800 ನ್ಯೂಟನ್, ಚಪ್ಪಟೆ ಮುಖಕ್ಕೆ ಎದುರಾಗುವ ಗಾಳಿಯ ಪ್ರತಿರೋಧ ಸುಮಾರು 1,350 ನ್ಯೂಟನ್. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಆಗುವ ನಷ್ಟ ಸೇರಿಸಿದರೂ ಎಂಜಿನ್ ಕೊಡಬೇಕಾದದ್ದು 70 ಎಚ್‌ಪಿಯ ಆಸುಪಾಸು ಮಾತ್ರ. ನೂರು ಮೀಟರಿಗೆ ಏಳು ಮೀಟರ್ ಏರುವ ಘಟ್ಟದ ರಸ್ತೆಯಲ್ಲಿ ಅದೇ ವಾಹನ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಸುಮಾರು 100 ಎಚ್‌ಪಿ ಬೇಕು. ಅಂದರೆ 110ರಿಂದ 130 ಎಚ್‌ಪಿಯ ಮೂಲ ಎಂಜಿನ್ ಆರೋಗ್ಯವಾಗಿದ್ದರೆ ಇಂಥ ವಾಹನಕ್ಕೆ ಸಾಲುತ್ತದೆ. ಹಳೆಯ ಎಂಜಿನ್ ಎಳೆಯುತ್ತಿರಲಿಲ್ಲ ಎಂಬ ಕಾರಣಕ್ಕೆ 180 ಎಚ್‌ಪಿಯದನ್ನು ಹುಡುಕುವವರು, ಅದು ಸವೆದಿದ್ದರಿಂದ ಎಳೆಯಲಿಲ್ಲವೇ ಹೊರತು ಚಿಕ್ಕದಾಗಿದ್ದರಿಂದ ಅಲ್ಲ ಎಂಬುದನ್ನು ಗಮನಿಸಬೇಕು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗುಂಡ್ಲುಪೇಟೆ, ಗೂಡಲೂರು ಮಾರ್ಗವಾಗಿ ಹೋಗಿ ಸೇರುವ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಗಾಳಿಗಿಂತ ಐದನೇ ಒಂದು ಪಾಲು ಕಡಿಮೆ. ಹೆಚ್ಚು ಗಾಳಿಯನ್ನು ಒಳಗೆ ತುಂಬುವ ಟರ್ಬೊ ಇಲ್ಲದ ಎಂಜಿನ್ ಸರಿಸುಮಾರು ಅಷ್ಟೇ ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ ಮತ್ತು ಡೀಸೆಲ್ ಪ್ರಮಾಣ ಅಷ್ಟೇ ಇರುವುದರಿಂದ ಕಪ್ಪು ಹೊಗೆ ಉಗುಳುತ್ತದೆ. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನೀಲಗಿರಿ, ಕೊಡಗಿನ ಕಡೆ ಆಗಾಗ ಹೋಗುವವರು ಅದೇ ಕುಟುಂಬದ ಟರ್ಬೊ ಆವೃತ್ತಿಯನ್ನು ಆರಿಸಿಕೊಳ್ಳುವುದಕ್ಕೆ ಇದು ಸರಿಯಾದ ಕಾರಣ. ಆದರೆ ಆರು ಸಿಲಿಂಡರಿನ ಜಾಗಕ್ಕೆ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ತರುವಾಗ ಎಚ್ಚರ ಬೇಕು. ಕಾಗದದ ಮೇಲೆ ಎರಡರ ಎಚ್‌ಪಿಯೂ ಒಂದೇ ಇರಬಹುದು. ಆದರೆ ಏರಿನಲ್ಲಿ ನಿಂತ ಬಸ್ಸನ್ನು ಹೊರಡಿಸುವ ಕ್ಷಣದಲ್ಲಿ ಟರ್ಬೊ ಇನ್ನೂ ಸಾಕಷ್ಟು ವೇಗ ಪಡೆದಿರುವುದಿಲ್ಲ, ಅಲ್ಲಿ ಕೆಲಸಕ್ಕೆ ಬರುವುದು ಎಂಜಿನ್ನಿನ ಗಾತ್ರವೇ.

ಎಚ್‌ಪಿಗಿಂತಲೂ ಹೆಚ್ಚು ತೊಂದರೆ ಕೊಡುವುದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎಂಜಿನ್ ಕೂರಿಸಿ ಆದ ಮೇಲೆ ಅತಿ ಹೆಚ್ಚು ನಿರಾಶೆ ಬರುವುದು ಇಲ್ಲಿಂದಲೇ. 9.00-20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.08 ಮೀಟರ್ ಉರುಳುತ್ತದೆ. ಹಿಂದಿನ ಆಕ್ಸಲ್‌ನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್-ಪಿನಿಯನ್‌ನಲ್ಲಿ 41 ಮತ್ತು 6 ಹಲ್ಲುಗಳಿದ್ದರೆ ಅನುಪಾತ 6.83, ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕಲು ಎಂಜಿನ್ 6.83 ಸುತ್ತು ತಿರುಗಬೇಕು. ಹಾಗಾಗಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಸುಮಾರು 2,200 ಆರ್‌ಪಿಎಂನಲ್ಲಿ ಓಡುತ್ತಿರುತ್ತದೆ. ಮೂಲ ಎಂಜಿನ್ನಿನ ಸುತ್ತುಗಳಿಗೆ ಮಿತಿ ಹಾಕುವ ಗವರ್ನರ್ 2,800ಕ್ಕೆ ತಡೆಯುತ್ತಿದ್ದರೆ ಬಸ್ಸಿನ ಗರಿಷ್ಠ ವೇಗ ಸುಮಾರು 76 ಕಿಲೋಮೀಟರ್. ಅದರ ಜಾಗಕ್ಕೆ 2,500 ಆರ್‌ಪಿಎಂಗೆ ನಿಲ್ಲುವ, ಹೆಚ್ಚು ಶಕ್ತಿಯ ಎಂಜಿನ್ ತಂದರೆ ಗರಿಷ್ಠ ವೇಗ 68 ಕಿಲೋಮೀಟರಿಗೆ ಇಳಿಯುತ್ತದೆ. ಹಣ ಖರ್ಚು ಮಾಡಿ ದೊಡ್ಡ ಎಂಜಿನ್ ಹಾಕಿಸಿದ ಮಾಲೀಕರಿಗೆ ಮಂಡ್ಯ ದಾಟಿ ಬೆಂಗಳೂರಿನ ಹೆದ್ದಾರಿಗೆ ಏರಿದಾಗ ಬಸ್ಸು ಮೊದಲಿಗಿಂತ ನಿಧಾನವಾಗಿದೆ ಎಂದು ಗೊತ್ತಾಗುತ್ತದೆ. ಕ್ರೌನ್-ಪಿನಿಯನ್ ಬದಲಿಸಿ 41 ಮತ್ತು 7 ಹಲ್ಲುಗಳ ಜೋಡಿ, ಅಂದರೆ 5.86 ಅನುಪಾತದ್ದನ್ನು ಹಾಕಿಸಿದರೆ ಅದೇ 2,500 ಆರ್‌ಪಿಎಂನಲ್ಲಿ ಸುಮಾರು 79 ಕಿಲೋಮೀಟರ್ ವೇಗ ಸಿಗುತ್ತದೆ. ಆದರೆ ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಏಳನೇ ಒಂದು ಪಾಲು ಕಡಿಮೆಯಾಗುತ್ತದೆ. ಟಾರ್ಕ್ (ತಿರುಗಿಸುವ ಬಲ) ಹೆಚ್ಚಿರುವ ಎಂಜಿನ್ ಆ ಕೊರತೆಯನ್ನು ತುಂಬಬಲ್ಲದು, ಇಲ್ಲದಿದ್ದದ್ದು ಘಟ್ಟದಲ್ಲಿ ಸೋಲುತ್ತದೆ. ಆದ್ದರಿಂದ ಎಂಜಿನ್ ನೋಡಲು ಹೋಗುವ ಮುಂಚೆ ಒಂದು ಜಾಕ್, ಒಂದು ಸೀಮೆಸುಣ್ಣ ತೆಗೆದುಕೊಂಡು ತಮ್ಮ ಬಸ್ಸಿನ ಆಕ್ಸಲ್ ಅನುಪಾತವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಮುಂದಿನ ಚಕ್ರಗಳು ಉರುಳದಂತೆ ಅಡ್ಡ ಇಟ್ಟು, ಗೇರ್ ನ್ಯೂಟ್ರಲ್‌ಗೆ ತಂದು, ಹಿಂದಿನ ಎರಡೂ ಬದಿಯ ಚಕ್ರಗಳನ್ನು ನೆಲದಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಮಾಡಿದ ಗುರುತು ಎಷ್ಟು ಸುತ್ತು ಬರುತ್ತದೆ ಎಂದು ಎಣಿಸಿದರೆ ಅದೇ ಅನುಪಾತ.

ಆರ್‌ಪಿಎಂ ಲೆಕ್ಕ ತಿಳಿದವರು ಜನರೇಟರ್ ಎಂಜಿನ್ನಿನ ಆಸೆಗೆ ಬೀಳುವುದಿಲ್ಲ. ಮಂಡ್ಯದ ಆಲೆಮನೆಗಳಲ್ಲಿ, ಕಾರ್ಖಾನೆ ಮತ್ತು ಕಲ್ಯಾಣ ಮಂಟಪಗಳ ಜನರೇಟರುಗಳಲ್ಲಿ ಕಡಿಮೆ ಓಡಿದ, ಶುಚಿಯಾದ ಡೀಸೆಲ್ ಎಂಜಿನ್‌ಗಳು ಕಾಣಸಿಗುತ್ತವೆ. ಬೆಲೆಯೂ ಮನಸ್ಸಿಗೆ ಹಿಡಿಸುತ್ತದೆ. ಆದರೆ 50 ಹರ್ಟ್ಸ್ ವಿದ್ಯುತ್ ಕೊಡುವ ಜನರೇಟರ್ ಎಂಜಿನ್ 1,500 ಆರ್‌ಪಿಎಂನಲ್ಲಿ ಒಂದೇ ಸಮನೆ ಓಡಲೆಂದು ಹೊಂದಿಸಿದ್ದು. 6.83 ಆಕ್ಸಲ್‌ನ ಬಸ್ಸಿಗೆ ಅದನ್ನು ಇದ್ದ ಹಾಗೆಯೇ ಕೂರಿಸಿದರೆ ಗಂಟೆಗೆ 41 ಕಿಲೋಮೀಟರಿಗಿಂತ ಮುಂದೆ ಹೋಗದು. ಡೀಸೆಲ್ ಪಂಪ್, ಗವರ್ನರ್, ಎಷ್ಟೋ ಸಲ ಟರ್ಬೊ ಮತ್ತು ಫ್ಲೈವೀಲ್ ಹೌಸಿಂಗ್ ಕೂಡ ಬದಲಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಜನರೇಟರಿನ ಹೊಗೆ ನಿಯಮಗಳೇ ಬೇರೆ, ರಸ್ತೆ ವಾಹನದ ಭಾರತ್ ಸ್ಟೇಜ್ ನಿಯಮಗಳೇ ಬೇರೆ. ಅಂಥ ಎಂಜಿನ್ನನ್ನು ಆರ್‌ಟಿಒ ಮುಂದೆ ಸಮರ್ಥಿಸಿಕೊಳ್ಳುವುದು ಕಷ್ಟ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಅಂದಾಜಿಗೆ ಅವಕಾಶವಿಲ್ಲ. ಎರಡನ್ನೂ ಜೋಡಿಸುವ ಬೆಲ್ ಹೌಸಿಂಗ್‌ನ ಬೋಲ್ಟ್ ವೃತ್ತ, ಫ್ಲೈವೀಲ್‌ನ ಆಳ, ಕ್ಲಚ್ ಪ್ಲೇಟಿನ ವ್ಯಾಸ, ಇನ್‌ಪುಟ್ ಶಾಫ್ಟಿನ ಹಲ್ಲುಗಳ ಸಂಖ್ಯೆ, ಅದರ ತುದಿ ಕೂರುವ ಪೈಲಟ್ ಬೇರಿಂಗ್ ಇವೆಲ್ಲವೂ ಸರಿಹೊಂದಬೇಕು. ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂರಿಸುವುದಾದರೆ ಎರಡರ ಕೇಂದ್ರವೂ ಕೂದಲೆಳೆಯಷ್ಟೂ ಸರಿಯದಂತೆ ಲೇತ್ ಕೆಲಸ ಆಗಬೇಕು; ಇಲ್ಲವಾದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಬೇಗ ಸವೆದು ಗೇರ್‌ಬಾಕ್ಸೇ ಹಾಳಾಗುತ್ತದೆ. ಸಾಧ್ಯವಿದ್ದರೆ ಎಂಜಿನ್ನನ್ನು ಅದರದೇ ಕ್ಲಚ್ ಮತ್ತು ಗೇರ್‌ಬಾಕ್ಸ್ ಸಮೇತ ಕೊಳ್ಳುವುದು ಹೆಚ್ಚು ಸುರಕ್ಷಿತ. ಆಗ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಮತ್ತು ಕೋನವನ್ನು ಮಾತ್ರ ಸರಿಪಡಿಸಿಕೊಂಡರೆ ಸಾಕು. ಮುಂದಿನ ಆಕ್ಸಲ್ ಮೇಲಕ್ಕೆ ಕುಣಿದಾಗ ಎಂಜಿನ್ನಿನ ಸಂಪ್‌ಗೆ ತಗಲುತ್ತದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಡೀಸೆಲ್ ಸಿಂಪಡಣೆಯನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸುವ ಹೊಸ ಕಾಲದ ಕಾಮನ್ ರೈಲ್ ಎಂಜಿನ್ ತರುವ ಆಲೋಚನೆ ಹಲವರಿಗಿದೆ. ಮೌನವಾಗಿ ಓಡುತ್ತದೆ, ಡೀಸೆಲ್ ಉಳಿಸುತ್ತದೆ ಎಂಬುದು ನಿಜ. ಆದರೆ ದೇಶಾದ್ಯಂತ 2017ರ ಏಪ್ರಿಲ್ 1ರಿಂದ ಬಂದ ಬಿಎಸ್-4 ಮತ್ತು 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಎಂಜಿನ್‌ಗಳು ಬರಿಯ ಕಬ್ಬಿಣದ ಯಂತ್ರಗಳಲ್ಲ. ಅವುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಎಲೆಕ್ಟ್ರಾನಿಕ್ ಪೆಡಲ್, ಸೆನ್ಸರುಗಳು, ಹೊಗೆ ಶುದ್ಧೀಕರಿಸುವ ಸೈಲೆನ್ಸರ್ ಮತ್ತು, ಇದ್ದರೆ, ಯೂರಿಯಾ ದ್ರಾವಣದ ಟ್ಯಾಂಕ್ ಎಲ್ಲವೂ ಒಟ್ಟಿಗೆ ಬಂದರೆ ಮಾತ್ರ ಎಂಜಿನ್ ಪೂರ್ಣ ಶಕ್ತಿ ಕೊಡುತ್ತದೆ; ಒಂದು ಸೆನ್ಸರ್ ಉತ್ತರಿಸದಿದ್ದರೂ ಇಸಿಯು ಶಕ್ತಿಯನ್ನು ಕಡಿತಗೊಳಿಸಬಹುದು. ಇದಕ್ಕೆ ಪ್ರತಿಯಾಗಿ ಮೈಕೋ ಪಂಪಿನ ಹಳೆಯ ಎಂಜಿನ್ನಿಗೆ ಬೇಕಾದದ್ದು ಡೀಸೆಲ್, ಗಾಳಿ ಮತ್ತು ಸ್ಟಾರ್ಟರ್ ತಿರುಗಿಸುವಷ್ಟು ಬ್ಯಾಟರಿ. 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಸಂಸ್ಥೆಯ ಪಂಪುಗಳನ್ನು ಟೆಸ್ಟ್ ಬೆಂಚಿನ ಮೇಲೆ ಹೊಂದಿಸಬಲ್ಲವರು ಜಿಲ್ಲಾ ಕೇಂದ್ರಗಳಲ್ಲಿ ಇಂದಿಗೂ ಸಿಗುತ್ತಾರೆ. ದೂರದ ಹಳ್ಳಿಗಳಿಗೆ ಹೋಗುವ ಸಂಚಾರಿ ಚಿಕಿತ್ಸಾಲಯಕ್ಕೆ, ರಸ್ತೆ ಬದಿಯಲ್ಲೇ ದುರಸ್ತಿಯಾಗಬಲ್ಲ ಈ ಸರಳತೆಯನ್ನು ನಾನು ಹೆಚ್ಚು ಬೆಲೆಯುಳ್ಳದ್ದೆಂದು ಪರಿಗಣಿಸುತ್ತೇನೆ.

ಬ್ರೇಕಿನ ವಿಷಯವನ್ನು ಮಾತ್ರ ಯಾವ ಕಾರಣಕ್ಕೂ ಹಗುರವಾಗಿ ತೆಗೆದುಕೊಳ್ಳಬಾರದು. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ನಿಗೆ ಜೋಡಿಸಿಕೊಂಡೇ ಇರುತ್ತದೆ. ಹೊಸದಾಗಿ ತಂದ ಎಂಜಿನ್ನಿನಲ್ಲಿ ಕಂಪ್ರೆಸರ್ ಇಲ್ಲದಿದ್ದರೆ ಅಥವಾ ಚಿಕ್ಕದಾಗಿದ್ದರೆ ಘಟ್ಟ ಇಳಿಯುವಾಗ ಟ್ಯಾಂಕಿನ ಒತ್ತಡ ಕುಸಿಯುತ್ತದೆ. ಪವರ್ ಸ್ಟೀರಿಂಗ್ ಪಂಪ್, ಎಕ್ಸಾಸ್ಟ್ ಬ್ರೇಕ್ ಮತ್ತು ಆಲ್ಟರ್ನೇಟರಿನ ವೋಲ್ಟೇಜ್ ಕೂಡ ಹಳೆಯದಕ್ಕೆ ಹೊಂದಬೇಕು; 24 ವೋಲ್ಟಿನ ಬಸ್ಸಿಗೆ 12 ವೋಲ್ಟಿನ ಎಂಜಿನ್ ತಂದರೆ ಸ್ಟಾರ್ಟರಿನಿಂದ ಹಿಡಿದು ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ತಂಪಾಗಿಸುವ ವ್ಯವಸ್ಥೆಯಲ್ಲಿ ಮಾರ್ಪಡಿಸಿದ ಬಸ್ಸಿಗೇ ವಿಶೇಷವಾದ ತೊಡಕೊಂದಿದೆ. ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಶಾಖವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಬರಬೇಕು. ಶಕ್ತಿ ಹೆಚ್ಚಿಸಿದರೆ ಶಾಖವೂ ಹೆಚ್ಚುತ್ತದೆ. ಬಸ್ಸನ್ನು ಮನೆಯಂತೆ ಸಿಂಗರಿಸುವಾಗ ಎಂಜಿನ್ ಬಾನೆಟ್‌ನ ಸುತ್ತ ಕಪಾಟು ಕಟ್ಟಿ, ತಳದಲ್ಲಿ ನೀರಿನ ಟ್ಯಾಂಕ್ ತೂಗುಹಾಕಿ ಬಿಸಿಗಾಳಿ ಹೊರಹೋಗುವ ದಾರಿಯನ್ನೇ ಮುಚ್ಚಿರುವುದು ಸಾಮಾನ್ಯ. ಟರ್ಬೊ ಎಂಜಿನ್ನಿಗೆ ಒಳಹೋಗುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಬೇಕಾದರೆ ಅದು ರೇಡಿಯೇಟರಿನ ಮುಂದೆ ಕೂರುತ್ತದೆ, ಜಾಗ ಇನ್ನೂ ಕಿರಿದಾಗುತ್ತದೆ. ನಾಝಲ್, ಫಿಲ್ಟರ್, ಬೆಲ್ಟುಗಳಿಗೆ ಕೈ ಹೋಗುವಷ್ಟು ಜಾಗ ಬಿಡದ ಕಪಾಟುಗಳನ್ನು ಎಂಜಿನ್ ಹೊರಗಿರುವಾಗಲೇ ಕಳಚಿ ಬೋಲ್ಟಿನ ಮೇಲೆ ನಿಲ್ಲುವಂತೆ ಮತ್ತೆ ಮಾಡಿಸಬೇಕು. ಫ್ರಿಜ್, ಫ್ಯಾನುಗಳಿಗಾಗಿ ದೊಡ್ಡ ಎಂಜಿನ್ನನ್ನು ಗಂಟೆಗಟ್ಟಲೆ ಐಡಲಿಂಗ್‌ನಲ್ಲಿ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ. ಭಾರವಿಲ್ಲದೆ ತಣ್ಣಗೆ ಓಡುವ ಡೀಸೆಲ್ ಎಂಜಿನ್ನಿನ ಲೈನರ್ ನುಣುಪಾಗಿ ಆಯಿಲ್ ಉರಿಸಲು ಆರಂಭಿಸುತ್ತದೆ. ಆ ಕೆಲಸಕ್ಕೆ ಇನ್ವರ್ಟರ್ ಬ್ಯಾಟರಿ ಅಥವಾ ಚಿಕ್ಕ ಜನರೇಟರ್ ಪ್ರತ್ಯೇಕವಾಗಿರಲಿ.

ಕಾಗದಪತ್ರಗಳ ಕೆಲಸ ಎಂಜಿನ್ನಿಗೆ ಮುಂಗಡ ಕೊಡುವುದಕ್ಕೆ ಮುಂಚೆಯೇ ಆಗಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ದೃಢಪಡಿಸಿತು. ಅದೇ ಮಾದರಿಯ, ಅದೇ ಇಂಧನದ, ಅದೇ ಸಾಮರ್ಥ್ಯದ ಎಂಜಿನ್ ಬದಲಾವಣೆಗೆ ಅನುಮತಿ ಪಡೆಯುವುದು ಸುಲಭ. ಬೇರೆ ತಯಾರಕರ ಎಂಜಿನ್ನಿಗೆ ಹಾಗಲ್ಲ. ಮೈಸೂರು ಪಶ್ಚಿಮದ ಕೆಎ-09, ಪೂರ್ವದ ಕೆಎ-55, ಮಂಡ್ಯದ ಕೆಎ-11 ಹೀಗೆ ತಮ್ಮ ವ್ಯಾಪ್ತಿಯ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆದು, ಎಂಜಿನ್ ಕೂರಿಸಿದ ಮೇಲೆ ಹೊಸ ಎಂಜಿನ್ ನಂಬರನ್ನು ಆರ್.ಸಿ.ಯಲ್ಲಿ ದಾಖಲಿಸಿ, ವಿಮಾ ಕಂಪನಿಗೂ ತಿಳಿಸಬೇಕು. ನಂಬರ್ ಹೊಂದದ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣ ಸಿಗುವುದೇ ಅನುಮಾನ. ಹದಿನೈದು ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ಮತ್ತು ಎಫ್.ಸಿ. (ವಾಹನದ ಅರ್ಹತಾ ಪತ್ರ) ಶುಲ್ಕ 2022ರ ಏಪ್ರಿಲ್ 1ರಿಂದ ಏರಿರುವುದರಿಂದ, ಬಸ್ಸು ಇನ್ನೆಷ್ಟು ವರ್ಷ ಓಡಬೇಕೆಂಬ ಲೆಕ್ಕವನ್ನೂ ಇದರ ಜೊತೆಗೇ ಹಾಕಿಕೊಳ್ಳುವುದು ಒಳ್ಳೆಯದು.

ಗುಜರಿಯಿಂದ ಕೊಳ್ಳುವವರು ಎಂಜಿನ್ ಬ್ಲಾಕಿನ ಮೇಲೆ ಕೊರೆದ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ, ಅದರ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಆಡಿಸಿ ಗುರುತು ತೆಗೆದುಕೊಳ್ಳಬೇಕು. ಅಕ್ಷರಗಳ ಸುತ್ತ ಉಳಿದ ಎರಕದ ಮೇಲ್ಮೈಗಿಂತ ನುಣುಪಾದ, ಗ್ರೈಂಡರ್ ಆಡಿಸಿದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗಬೇಕು. ಬಿಲ್ಲು, ಮೂಲ ವಾಹನದ ಆರ್.ಸಿ. ರದ್ದಾದ ದಾಖಲೆ ಎರಡೂ ಇರಲಿ. ಎಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಲು ಹೇಳಬೇಕು; ನಾವು ಹೋಗುವಷ್ಟರಲ್ಲಿ ಬ್ಲಾಕ್ ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೇಳದೆ ಹೋಗುವುದು ಮೇಲು. ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ನಿಲ್ಲುತ್ತದೆಯೇ ನೋಡಿ, ಸಂಪಿನ ಪ್ಲಗ್ ಬಿಚ್ಚಿಸಿ ಆಯಿಲ್‌ನಲ್ಲಿ ಲೋಹದ ಹೊಳಪಿದೆಯೇ ಎಂದು ಬೆರಳುಗಳ ನಡುವೆ ಉಜ್ಜಿ ನೋಡಬೇಕು.

ಕೂರಿಸಿದ ಮೇಲೆ ಮೊದಲ ಒಂದೆರಡು ಸಾವಿರ ಕಿಲೋಮೀಟರ್ ಪೂರ್ತಿ ಭಾರ, ಪೂರ್ತಿ ವೇಗ ಎರಡನ್ನೂ ತಪ್ಪಿಸಿ ಓಡಿಸಿ, ಆಯಿಲ್ ಮತ್ತು ಫಿಲ್ಟರನ್ನು ಬೇಗನೆ ಬದಲಿಸಿ, ತಯಾರಕರ ಕೈಪಿಡಿ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಿಸಬೇಕು. ಆಮೇಲೆ ನೀರಿನ ಟ್ಯಾಂಕುಗಳನ್ನು ತುಂಬಿಸಿ, ಬಿಸಿಲಿನ ಹೊತ್ತಿನಲ್ಲಿ ಚಾಮುಂಡಿ ಬೆಟ್ಟದ ರಸ್ತೆಯನ್ನು ಎರಡನೆಯ, ಮೂರನೆಯ ಗೇರಿನಲ್ಲಿ ಹತ್ತಿಸಿ ಟೆಂಪರೇಚರ್ ಮುಳ್ಳನ್ನೂ, ಇಳಿಯುವಾಗ ಗಾಳಿಯ ಒತ್ತಡದ ಮುಳ್ಳನ್ನೂ ಗಮನಿಸಬೇಕು. ಹೊಗೆ ತಪಾಸಣೆಯಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಕ್ಕೆ 65 ಹಾರ್ಟ್ರಿಜ್ ಯೂನಿಟ್‌ವರೆಗೆ (ಇದು ಹೊಗೆಯ ದಟ್ಟಣೆಯ ಅಳತೆ) ಅವಕಾಶವಿದೆ. ಹೊಸದಾಗಿ ಕಟ್ಟಿದ, ಪಂಪ್ ಸರಿಯಾಗಿ ಹೊಂದಿಸಿದ ಎಂಜಿನ್ ಆ ಮಿತಿಯ ಅಂಚಿನಲ್ಲಿ ನಿಂತರೆ ಅದನ್ನು ಪಾಸಾಯಿತೆಂದು ಬಿಡದೆ, ಮತ್ತೆ ಪಂಪಿನವರ ಬಳಿಗೆ ಒಯ್ದು ಟೈಮಿಂಗ್ ಮತ್ತು ನಾಝಲ್ ಒತ್ತಡವನ್ನು ಪರೀಕ್ಷಿಸಬೇಕು.